ಚುಕ್ಕಿ ಗುಲಾಬಿಯಾಗಿತ್ತು: ಹಳೆಯ ಫ್ಲಾಶ್ ಬಲ್ಬುಗಳ ಒಂದು ಪ್ರಕರಣ

ಇದು ಹಳೆ ಮೈಸೂರು ಸೀಮೆಯ ಒಂದು ಸಣ್ಣ ಊರಿನಲ್ಲಿ ನಡೆದದ್ದು. ಊರಿನ ಹೆಸರು, ಸ್ಟುಡಿಯೋ ಹೆಸರು, ಮನೆತನದ ಹೆಸರು ಎಲ್ಲ ಬಿಟ್ಟಿದ್ದೇನೆ. ಫ್ಲಾಶ್ ಬಲ್ಬ್ ಅಂದರೆ ಒಂದೇ ಸಲ ಉರಿದು ಫೋಟೋಗೆ ಬೆಳಕು ಕೊಡುವ ಗಾಜಿನ ಬುರುಡೆ. ಅದನ್ನು ಮಾಡಿದ ಕಂಪನಿಯ ಹೆಸರೂ ಇಲ್ಲ. ಎಪ್ಪತ್ತು ವರ್ಷ ಅಟ್ಟದ ಮೇಲೆ ಬಿದ್ದಿದ್ದ ಮಾಲು ಕೆಟ್ಟರೆ ಅದನ್ನು ಮಾಡಿದವರನ್ನು ದೂರುವುದು ಸರಿಯಲ್ಲ. ಹಳೆಯ ಕ್ಯಾಮೆರಾ ರಿಪೇರಿ ಮಾಡುವವನು ನಾನು, ಹಾಗಾಗಿ ಇದರಲ್ಲಿ ಸೇರಿಕೊಂಡೆ. ತಾತನ ಟ್ರಂಕಿನಲ್ಲಿ ಫ್ಲಾಶ್ ಬಲ್ಬ್ ಸಿಕ್ಕಿತು ಅಂತ ಫೋನ್ ಮಾಡುವವರು ಈಗಲೂ ಇದ್ದಾರೆ. ಅವರು ಅದನ್ನು ಉರಿಸುವ ಮೊದಲು ಇದನ್ನು ಓದಲಿ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಹಿನ್ನೆಲೆ

ಊರಿನಲ್ಲಿ ಒಂದು ದೊಡ್ಡ ತೊಟ್ಟಿ ಮನೆ ಇತ್ತು. ಅದನ್ನು ಮಾರುವುದು ಅಂತ ತೀರ್ಮಾನವಾಗಿತ್ತು. ಮಾರುವ ಮುಂಚೆ ಮನೆಯವರೆಲ್ಲ ಒಂದು ಸಲ ಸೇರಬೇಕು, ತೊಟ್ಟಿಯಲ್ಲಿ ಒಂದು ಫೋಟೋ ತೆಗೆಸಿಕೊಳ್ಳಬೇಕು ಅಂತ ಹಿರಿಯರ ಆಸೆ. ಅದೇ ಜಾಗದಲ್ಲಿ 1954ರಲ್ಲಿ ಒಂದು ಮದುವೆಯ ರಾತ್ರಿ ತೆಗೆದ ಫೋಟೋ ಹಜಾರದ ಗೋಡೆಯ ಮೇಲೆ ಇನ್ನೂ ಇದೆ. ಕಂಬಗಳ ನಡುವೆ ಐವತ್ತಕ್ಕೂ ಜಾಸ್ತಿ ಜನ. ಹಿಂದಿನ ಸಾಲಿನವರ ಕಿವಿಯೋಲೆಯೂ ಕಾಣುವಷ್ಟು ಚೆನ್ನಾಗಿ ಬಂದ ಫೋಟೋ. ಆಗ ಊರಿಗೆ ಕರೆಂಟು ಬಂದಿರಲಿಲ್ಲ. ಅಷ್ಟು ಬೆಳಕು ಕೊಟ್ಟದ್ದು ಒಂದೇ ಒಂದು ಫ್ಲಾಶ್ ಬಲ್ಬ್.

ಆ ಫೋಟೋ ತೆಗೆದವರ ಮೊಮ್ಮಗ ಈಗ ಸ್ಟುಡಿಯೋ ನಡೆಸುತ್ತಾನೆ. ಮೂವತ್ತರ ಹುಡುಗ, ಕೆಲಸದಲ್ಲಿ ಚುರುಕು. ಮನೆಯವರು ಅವನನ್ನೇ ಕರೆದರು. ಅಟ್ಟ ಹುಡುಕಿದಾಗ ಅವನಿಗೆ ಒಂದು ತಗಡಿನ ಟ್ರಂಕು ಸಿಕ್ಕಿತು. ಅದರಲ್ಲಿ 31 ಬಲ್ಬುಗಳು. 12 ದೊಡ್ಡವು, ಮನೆಯ ಬಲ್ಬಿನಷ್ಟೇ ಗಾತ್ರ, ಒಳಗೆ ಮುದುರಿ ತುಂಬಿದ ಬೇಗಡೆ. ಉಳಿದ 19 ಸ್ವಲ್ಪ ಚಿಕ್ಕವು, ಒಳಗೆ ಜೇಡರ ಬಲೆಯಂಥ ಸಣ್ಣ ತಂತಿ. ತಾತ ತೆಗೆದ ಬೆಳಕಿನಲ್ಲೇ ತಾನೂ ತೆಗೆಯಬೇಕು ಅಂತ ಅವನಿಗೆ ಆಸೆ ಹುಟ್ಟಿತು. ಆಸೆ ತಪ್ಪಲ್ಲ. ಜೇಬಿನಲ್ಲಿ ಹಿಡಿಸುವ ಎಲೆಕ್ಟ್ರಾನಿಕ್ ಫ್ಲಾಶಿಗಿಂತ ಈ ಬಲ್ಬುಗಳ ಬೆಳಕು ಎಷ್ಟೋ ಜಾಸ್ತಿ. ಬಲ್ಬಿನ ಹಿಂದಿನ ಹೊಳೆಯುವ ತಟ್ಟೆಯಿಂದ, ಅಂದರೆ ದೊಡ್ಡ ರಿಫ್ಲೆಕ್ಟರಿನಿಂದ ಬರುವುದರಿಂದ ನೆರಳೂ ಅಷ್ಟು ಕಟುವಾಗಿ ಬೀಳುವುದಿಲ್ಲ.

ಮನೆಯವರು ಸೇರುವ ದಿನಕ್ಕೆ ಮೂರು ವಾರ ಇತ್ತು. ಈ ಬಲ್ಬುಗಳನ್ನು ಈಗ ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಇರುವುದು 31, ಅಷ್ಟೆ.

ಸಮಸ್ಯೆ

ನನಗೆ ಫೋನ್ ಬರುವ ಹೊತ್ತಿಗೆ ಅವನು ಮೂರು ಬಲ್ಬ್ ಪ್ರಯತ್ನಿಸಿ ಆಗಿತ್ತು. ಮೂರೂ ತಂತಿಯ ಬಲ್ಬುಗಳು.

ಮೊದಲನೆಯದು ಉರಿಯಲೇ ಇಲ್ಲ. ಕೆಟ್ಟಿದೆ ಅಂತ ತೆಗೆದು ಪಕ್ಕಕ್ಕಿಟ್ಟ. ಎರಡನೆಯದು ಕಣ್ಣು ಕುಕ್ಕುವ ಹಾಗೆ ಉರಿಯಿತು, ಆದರೆ ಫಿಲ್ಮ್ ತೊಳೆದು ನೋಡಿದರೆ ನೆಗೆಟಿವ್ ಹೆಚ್ಚುಕಡಿಮೆ ಖಾಲಿ. ಮೂರನೆಯದು ಪಟಾಕಿಯ ಹಾಗೆ ಸಿಡಿಯಿತು. ಗಾಜಿನ ಚೂರು ರಿಫ್ಲೆಕ್ಟರಿನಿಂದ ಹಾರಿ ನೆಲಕ್ಕೆಲ್ಲ ಬಿತ್ತು. ಅವನ ಅಂಗೈ ಕುಯ್ದು ಎರಡು ಹೊಲಿಗೆ ಬಿದ್ದವು. ಎದುರಿಗೆ ಯಾರೂ ನಿಂತಿರಲಿಲ್ಲ, ಅದೇ ಪುಣ್ಯ.

ಮೂರು ಬಲ್ಬ್, ಮೂರು ಥರದ ಸೋಲು. ಅವನು ಇದನ್ನೆಲ್ಲ ಒಂದೇ ಕಾರಣಕ್ಕೆ ಕಟ್ಟಿದ. "ಬಲ್ಬ್ ಹಳೇದಾಗಿದೆ ಸರ್, ಅದಕ್ಕೇ ಹೀಗೆ. ಇನ್ನೂ ನಾಲ್ಕು ಹಾರಿಸಿ ನೋಡ್ತೀನಿ, ಒಂದಾದರೂ ಸರಿ ಹೋಗತ್ತೆ." ನಾನು ಬೇಡ ಅಂದೆ. ಇನ್ನೊಂದು ಬಲ್ಬನ್ನೂ ಮುಟ್ಟಬೇಡ, ನಾನು ಬರುವವರೆಗೆ ಟ್ರಂಕಿನ ಮುಚ್ಚಳ ಹಾಕಿಡು ಅಂದೆ. ಈ ಪ್ರಕರಣದಲ್ಲಿ ತೆಗೆದುಕೊಂಡ ಮೊದಲ ತೀರ್ಮಾನ ಅದು. ಆಮೇಲೆ ನಡೆದದ್ದೆಲ್ಲ ಅದರ ಮೇಲೇ ನಿಂತಿತು ಅಂತ ಈಗಲೂ ಅನ್ನಿಸುತ್ತದೆ.

ಯಾಕೆ ಅಂದರೆ ಫ್ಲಾಶ್ ಬಲ್ಬನ್ನು ಪರೀಕ್ಷೆ ಮಾಡಿ ನೋಡಲು ಆಗುವುದಿಲ್ಲ. ಮನೆಯ ಬಲ್ಬಾದರೆ ಸ್ವಿಚ್ ಹಾಕಿ ನೋಡಬಹುದು. ಇದು ಒಂದೇ ಸಲ ಉರಿಯುವ ವಸ್ತು. ಸರಿ ಇದೆಯೋ ಇಲ್ಲವೋ ಅಂತ ಖಾತ್ರಿಯಾಗುವ ಹೊತ್ತಿಗೆ ಅದು ಮುಗಿದಿರುತ್ತದೆ. ಬೆಂಕಿಕಡ್ಡಿಯ ಹಾಗೆ. ಬೆಂಕಿಕಡ್ಡಿ ಹೊತ್ತದಿದ್ದರೆ ಇನ್ನೊಂದು ಗೀರಬಹುದು, ಹಾರ ಹಾಕುವ ಗಳಿಗೆಯನ್ನು ಇನ್ನೊಂದು ಸಲ ಹಾಕಿ ಅನ್ನಲು ಆಗುತ್ತದಾ? ಇದನ್ನು ರೂಪಿಸಿದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿತ್ತು. ಅವರ ಬುದ್ಧಿಯ ದೊಡ್ಡ ಪಾಲು ಇಲ್ಲೇ ಖರ್ಚಾಗಿದೆ. ನಮ್ಮ ಮೂರು ಸೋಲನ್ನು ಬೇರೆ ಬೇರೆ ಮಾಡಿ ನೋಡಲು ಅವರ ಕೆಲಸವನ್ನೇ ಹಿಂದಿನಿಂದ ನೋಡಬೇಕಾಯಿತು.

ಗಾಜಿನೊಳಗೆ ಬೆಂಕಿ ಇಟ್ಟವರು

ಬಲ್ಬ್ ಬರುವ ಮುಂಚೆ ಫ್ಲಾಶ್ ಪುಡಿ ಇತ್ತು. 1887ರಲ್ಲಿ ಜರ್ಮನಿಯಲ್ಲಿ ಆಡೋಲ್ಫ್ ಮೀಟೆ ಮತ್ತು ಯೊಹಾನೆಸ್ ಗೇಡಿಕೆ ಮೆಗ್ನೀಷಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್, ಆಂಟಿಮೊನಿ ಸಲ್ಫೈಡ್ ಬೆರೆಸಿದರು. ಬೆಂಕಿ ಸೋಕಿದರೆ ಪೂರ್ತಿ ಒಂದೇ ಸಲಕ್ಕೆ ಭಗ್ ಅಂತ ಉರಿಯುತ್ತಿತ್ತು. ಬೆಳಕೇನೋ ಚೆನ್ನಾಗಿತ್ತು, ಆದರೆ ಕೋಣೆ ತುಂಬ ಹೊಗೆ, ಬಿಳಿ ಬೂದಿ. ನ್ಯೂಯಾರ್ಕಿನ ಬಡವರ ಬಾಡಿಗೆ ಕೋಣೆಗಳನ್ನು ಇದೇ ಬೆಳಕಿನಲ್ಲಿ ತೆಗೆದ ಜೇಕಬ್ ರೀಸ್ ಎರಡು ಸಲ ಮನೆಗೆ ಬೆಂಕಿ ಹಚ್ಚಿದ್ದಾಗಿ, ಒಂದು ಸಲ ತನಗೇ ಹಚ್ಚಿಕೊಂಡದ್ದಾಗಿ ತಾನೇ ಬರೆದಿದ್ದಾನೆ.

ಬೆಂಕಿಯನ್ನು ಗಾಜಿನೊಳಗೆ ಮೊದಲು ಇಟ್ಟವರಿಗೆ ಸ್ಟುಡಿಯೋ ಬೇಕಿರಲಿಲ್ಲ, ಸಮುದ್ರದ ತಳ ಬೇಕಿತ್ತು. ನನಗೆ ಬಹಳ ಇಷ್ಟವಾದ ಕಥೆ ಇದು. ಫ್ರಾನ್ಸಿನ ದಕ್ಷಿಣ ತೀರದ ಬಾನ್ಯುಲ್ಸ್ ಅನ್ನುವ ಊರಿನಲ್ಲಿ ಪ್ರಾಣಿಶಾಸ್ತ್ರಜ್ಞ ಲೂಯಿ ಬೂತಾನ್ 1893ರಲ್ಲಿ ನೀರೊಳಗೆ ಫೋಟೋ ತೆಗೆಯಲು ಹೊರಟಿದ್ದ. ನೀರೊಳಗೆ ಪುಡಿ ಹಾರಿಸಲು ಆಗುವುದಿಲ್ಲ ಅಲ್ವಾ? ಅವನಿಗಾಗಿ ಶೋಫೂರ್ ಅನ್ನುವ ವಿದ್ಯುತ್ ಎಂಜಿನಿಯರ್ ಒಂದು ಗಾಜಿನ ಬುರುಡೆಯಲ್ಲಿ ಆಮ್ಲಜನಕ ತುಂಬಿ, ಒಳಗೆ ಮೆಗ್ನೀಷಿಯಂ ಸುರುಳಿ ಇಟ್ಟು, ಕರೆಂಟಿನಿಂದ ಹೊತ್ತಿಸುವ ಹಾಗೆ ಮಾಡಿದ. ಮುಂದೆ ಬಂದ ಫ್ಲಾಶ್ ಬಲ್ಬಿನ ಎಲ್ಲ ಅಂಗಗಳೂ ಅದರಲ್ಲಿದ್ದವು. ಆದರೆ ಮೆಗ್ನೀಷಿಯಂ ಒಂದೇ ಸಮ ಉರಿಯುತ್ತಿರಲಿಲ್ಲ. ಬಿಳಿ ಹೊಗೆ ಗಾಜಿನ ಒಳಮೈಗೆ ಕೂತು ಬೆಳಕನ್ನೇ ಮುಚ್ಚುತ್ತಿತ್ತು. ಒಮ್ಮೊಮ್ಮೆ ಗಾಜು ಸಿಡಿಯುತ್ತಿತ್ತು. ಬೂತಾನ್ ಅದನ್ನು ಕೈಬಿಟ್ಟು, ಆಮ್ಲಜನಕ ತುಂಬಿದ ಪೀಪಾಯಿಯ ಮೇಲೆ ಸ್ಪಿರಿಟ್ ದೀಪ ಕೂರಿಸಿ ಅದರ ಜ್ವಾಲೆಗೆ ಮೆಗ್ನೀಷಿಯಂ ಪುಡಿ ಊದುವ ಉಪಾಯಕ್ಕೆ ಹೋದ.

ಆಮೇಲೆ ಮೂವತ್ತು ವರ್ಷ ಇದು ಮುಂದೆ ಹೋಗಲಿಲ್ಲ. 1925ರಲ್ಲಿ ಪೌಲ್ ಫಿಯರ್‌ಕೋಟರ್ ಬಲ್ಬಿನೊಳಗೆ ಮೆಗ್ನೀಷಿಯಂ ಉರಿಸುವ ಪೇಟೆಂಟ್ ಪಡೆದ. ನಿಜವಾಗಿ ಮಾರುಕಟ್ಟೆಗೆ ಬಂದದ್ದು ಇನ್ನೊಬ್ಬ ಜರ್ಮನ್, ಯೊಹಾನೆಸ್ ಓಸ್ಟರ್‌ಮಾಯರ್ ರೂಪಿಸಿದ ಬಲ್ಬ್. 1929ರಲ್ಲಿ ವಾಕುಬ್ಲಿಟ್ಸ್ ಅನ್ನುವ ಹೆಸರಿನಲ್ಲಿ ಬಂತು, ಮರುವರ್ಷವೇ ಇಂಗ್ಲೆಂಡ್, ಅಮೆರಿಕಗಳಲ್ಲೂ ಅಂಥ ಬಲ್ಬುಗಳು ಬಂದವು. ಅವನು ಮೆಗ್ನೀಷಿಯಂ ಬಿಟ್ಟು ಅಲ್ಯೂಮಿನಿಯಂ ಬೇಗಡೆ ತುಂಬಿದ. ಬೇಗಡೆ ಎಷ್ಟು ತೆಳುವೋ ಅಷ್ಟು ಬೇಗ ಉರಿಯುತ್ತದೆ. ಒಳಗಿನ ಸಣ್ಣ ತಂತಿಗೆ ಬೇಗ ಹೊತ್ತುವ ಮದ್ದು ಹಚ್ಚಿರುತ್ತಾರೆ. ಟಾರ್ಚ್ ಸೆಲ್ಲಿನ ಕರೆಂಟಿಗೆ ತಂತಿ ಕಾಯುತ್ತದೆ, ಮದ್ದು ಸಿಡಿಯುತ್ತದೆ, ಅದರ ಕಿಡಿ ಬೇಗಡೆಯನ್ನು ಹೊತ್ತಿಸುತ್ತದೆ. ಹೊಗೆ ಇಲ್ಲ, ಸದ್ದಿಲ್ಲ, ಬೆಂಕಿ ಹೊರಗೆ ಬರುವುದಿಲ್ಲ.

ಅವರು ಒಳಗೆ ತುಂಬುತ್ತಿದ್ದ ಆಮ್ಲಜನಕ ಹೊರಗಿನ ಗಾಳಿಗಿಂತ ಕಡಿಮೆ ಒತ್ತಡದ್ದು. ನಮ್ಮ ಪ್ರಕರಣದಲ್ಲಿ ಮುಖ್ಯವಾದದ್ದು ಈ ವಿಷಯ. ಲೋಹ ಉರಿಯುವಾಗ ಆಮ್ಲಜನಕ ಖರ್ಚಾಗಿ ಪುಡಿಯಂಥ ಆಕ್ಸೈಡ್ ಆಗುತ್ತದೆ. ಬಿಸಿಗೆ ಅನಿಲ ಹಿಗ್ಗಿದರೂ ಹಿಗ್ಗಲು ಉಳಿಯುವುದು ಕಡಿಮೆ, ಹಾಗಾಗಿ ಗಾಜು ತಡೆಯುತ್ತದೆ. ಆದರೆ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಗಾಳಿಯ ಮುಕ್ಕಾಲು ಪಾಲು ನೈಟ್ರೋಜನ್. ಅದು ಉರಿದು ಮುಗಿಯುವುದಿಲ್ಲ, ಬಿಸಿಗೆ ಹಿಗ್ಗುತ್ತದೆ ಅಷ್ಟೆ. ಆಗ ಬಲ್ಬ್ ಸಿಡಿಯುತ್ತದೆ. ಹೊರಗಿನಿಂದ ನೋಡಿದರೆ ಇದು ಗೊತ್ತೇ ಆಗುವುದಿಲ್ಲ.

ಇದಕ್ಕೆ ತಯಾರಕರು ಎರಡು ಉಪಾಯ ಮಾಡಿದರು. ಒಂದು, ಗಾಜಿಗೆ ಮೆರುಗೆಣ್ಣೆಯಂಥ ಲೇಪ. ಗಾಜು ಒಡೆದರೂ ಚೂರುಗಳು ಲೇಪಕ್ಕೆ ಅಂಟಿಕೊಂಡೇ ಇರಲಿ ಅಂತ. ಎರಡನೆಯದು ಒಂದು ನೀಲಿ ಚುಕ್ಕಿ. ಬಲ್ಬಿನ ಒಳಗೆ ಕೋಬಾಲ್ಟ್ ಲವಣದ ಸಣ್ಣ ಬೊಟ್ಟು ಇಡುತ್ತಿದ್ದರು. ಒಣಗಿದ್ದಾಗ ಅದು ನೀಲಿ. ಗಾಳಿ ಸೇರಿದರೆ ಅದರ ಜತೆ ತೇವವೂ ಸೇರುತ್ತದೆ, ಆಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೀಲಿ ಇದ್ದರೆ ಉರಿಸಿ, ಗುಲಾಬಿ ಆಗಿದ್ದರೆ ಬಿಸಾಕಿ. ಪರೀಕ್ಷೆ ಮಾಡಲಾಗದ ವಸ್ತುವಿನ ಒಳಗೇ ಪರೀಕ್ಷೆಯನ್ನು ಕೂರಿಸಿಬಿಟ್ಟರು. ಇಷ್ಟು ಸರಳವಾದ, ಇಷ್ಟು ಕಾಳಜಿಯ ಉಪಾಯ ನಾನು ಬೇರೆ ಕಡೆ ನೋಡಿದ್ದು ಕಡಿಮೆ.

ನಾವು ಮಾಡಿದ್ದು

ಹೋದ ದಿನ ಹಜಾರದಲ್ಲಿ ಬಿಳಿ ಪಂಚೆ ಹಾಸಿ ಬಲ್ಬುಗಳನ್ನು ಒಂದೊಂದಾಗಿ ಇಟ್ಟೆವು. ಒಂದಕ್ಕೊಂದು ತಾಗದ ಹಾಗೆ. ಒಂದು ಉರಿದರೆ ಅದರ ಶಾಖಕ್ಕೇ ಪಕ್ಕದ್ದು ಹೊತ್ತಿಕೊಳ್ಳಬಹುದು. ಹಿಂದೆ ಕೆಲವು ಫೋಟೋಗ್ರಾಫರುಗಳು ಇದನ್ನೇ ಬಳಸಿಕೊಂಡು ವೈರಿಲ್ಲದ ಬಲ್ಬನ್ನು ಪಕ್ಕದಲ್ಲಿ ಕಟ್ಟುತ್ತಿದ್ದರು.

"ಚುಕ್ಕಿ ನೋಡಿದ್ಯಾ?" ಅಂತ ಕೇಳಿದೆ. "ಯಾವ ಚುಕ್ಕಿ ಸರ್?" ಅಂದ. ಅವನು ಮೂರು ಬಲ್ಬನ್ನೂ ಉರಿಸುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟಿದ್ದ. ದೊಡ್ಡದು ಮಾಡಿ ನೋಡಿದೆವು. ಎರಡರಲ್ಲಿ ನೀಲಿ. ಮೂರನೆಯದರಲ್ಲಿ, ಅಂದರೆ ಸಿಡಿದದ್ದರಲ್ಲಿ, ಚುಕ್ಕಿ ಗುಲಾಬಿಯಾಗಿತ್ತು. ಅವನು ತನ್ನ ಕೈಯ ಪಟ್ಟಿಯನ್ನು ಒಂದು ಸಲ ನೋಡಿಕೊಂಡು ಸುಮ್ಮನಾದ. ಬಲ್ಬ್ ಅವನಿಗೆ ಮೊದಲೇ ಹೇಳಿತ್ತು. ಆ ಮಾತು ಅವನ ತಲೆಮಾರಿಗೆ ಬಂದಿರಲಿಲ್ಲ. ತಾತನಿಂದ ಕ್ಯಾಮೆರಾ ಬಂತು, ಟ್ರಂಕು ಬಂತು, ಚುಕ್ಕಿಯ ಅರ್ಥ ಬರಲಿಲ್ಲ. ರಟ್ಟಿನ ಪೆಟ್ಟಿಗೆಯ ಪಕ್ಕದಲ್ಲಿ ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿತ್ತು, ಆದರೆ ಆ ಜಾಗವನ್ನು ಗೆದ್ದಲು ತಿಂದಿತ್ತು.

ಉರಿಯದ ಮೊದಲ ಬಲ್ಬನ್ನೂ ಸೇರಿಸಿ ತಂತಿಯವು 17 ಉಳಿದಿದ್ದವು. ಐದರ ಚುಕ್ಕಿ ಗುಲಾಬಿ. ಒಂದರ ಲೇಪ ಹಳದಿಗಟ್ಟಿ ಚುಕ್ಕಿಯೇ ಸರಿಯಾಗಿ ಕಾಣಲಿಲ್ಲ. ಆ ಆರನ್ನೂ ಬದಿಗಿಟ್ಟೆವು. ಉಳಿದದ್ದು 11.

ಇನ್ನು ಮದ್ದು ಹಚ್ಚಿದ, ಕರೆಂಟಿಗೆ ಕಾಯುವ ಸಣ್ಣ ತಂತಿ ತುಂಡಾಗಿದೆಯೋ ಇಲ್ಲವೋ. ಡಿಜಿಟಲ್ ಮೀಟರಿನಲ್ಲಿ ನೋಡಬಹುದು, ಅದರ ಕರೆಂಟು ಬಹಳ ಕಡಿಮೆ. ಆದರೂ ಹಾರಿದರೆ? ಹಾಗಾಗಿ ಬಲ್ಬನ್ನು ಹೋಲ್ಡರಿಗೆ ಹಾಕಿ, ದಪ್ಪ ತಗಡಿನ ಡಬ್ಬಿಯೊಳಗಿಟ್ಟು, ಮುಚ್ಚಳ ಮುಚ್ಚಿ, ವೈರನ್ನು ಮಾತ್ರ ಹೊರಗೆ ತಂದು ನೋಡಿದೆವು. 11ರಲ್ಲಿ ಒಂದು ತುಂಡಾಗಿತ್ತು. 10 ಉಳಿದವು. ಅವನು ಕೆಟ್ಟಿದೆ ಅಂತ ಪಕ್ಕಕ್ಕಿಟ್ಟಿದ್ದ ಮೊದಲ ಬಲ್ಬ್ ಆ ಹತ್ತರಲ್ಲಿ ಒಂದು. ಅದರಲ್ಲಿ ಏನೂ ತಪ್ಪಿರಲಿಲ್ಲ. ತಪ್ಪು ಗನ್ನಿನಲ್ಲಿತ್ತು, ಅಂದರೆ ಬಲ್ಬ್ ಕೂರಿಸಿ ಸೆಲ್ಲಿನಿಂದ ಉರಿಸುವ ಸಾಧನದಲ್ಲಿ. ಸೆಲ್ ಕೂರುವ ಹಿತ್ತಾಳೆ ಪಟ್ಟಿಗೆ ಕಿಲುಬು ಹಿಡಿದು ಹಸಿರಾಗಿತ್ತು. ತಂತಿ ಕಾಯಲು ಒಂದೇ ಕ್ಷಣಕ್ಕೆ ಜೋರು ಕರೆಂಟು ಬೇಕು. ಕಿಲುಬು ಅದನ್ನು ತಡೆಯುತ್ತದೆ. ಉಜ್ಜಿ ಬೆಳ್ಳಗೆ ಮಾಡಿ ಹೊಸ ಸೆಲ್ ಹಾಕಿದೆವು. ಇದೇ ಕಾಟಕ್ಕಾಗಿ ಮುಂದಿನ ಗನ್ನುಗಳಲ್ಲಿ ಕಂಡೆನ್ಸರ್ ಇಟ್ಟರು. ಬ್ಯಾಟರಿ ಅದನ್ನು ನಿಧಾನವಾಗಿ ತುಂಬುತ್ತದೆ, ಅದು ಬಲ್ಬಿಗೆ ಒಂದೇ ಸಲಕ್ಕೆ ಸುರಿಯುತ್ತದೆ. ನಮ್ಮ ಗನ್ ಅದಕ್ಕಿಂತ ಹಳೆಯದು.

ಖಾಲಿ ನೆಗೆಟಿವ್‌ಗೆ ಕಾರಣ ಹುಡುಕಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಕ್ಯಾಮೆರಾ ಎರಡು ಲೆನ್ಸಿನದು, ರೋಲ್ ಫಿಲ್ಮಿನದು. ಅದರಲ್ಲಿ ಎಕ್ಸ್, ಎಂ ಅಂತ ಎರಡು ಗುರುತಿನ ಸಣ್ಣ ಹಿಡಿ ಇದೆ. ಹುಡುಗ ಅಭ್ಯಾಸಬಲದಿಂದ ಎಕ್ಸ್‌ನಲ್ಲಿ ಇಟ್ಟು, ಸೆಕೆಂಡಿನ 100ನೇ ಒಂದು ಭಾಗದಲ್ಲಿ ತೆಗೆದಿದ್ದ. ಎಕ್ಸ್ ಎಲೆಕ್ಟ್ರಾನಿಕ್ ಫ್ಲಾಶಿಗೆ. ಅದರಲ್ಲಿ ಶಟರ್ ತೆರೆದ ಕ್ಷಣಕ್ಕೇ ಕರೆಂಟು ಹೋಗುತ್ತದೆ. ಎಲೆಕ್ಟ್ರಾನಿಕ್ ಫ್ಲಾಶ್ ಆ ಕ್ಷಣಕ್ಕೇ ಮಿಂಚುತ್ತದೆ. ಬಲ್ಬ್ ಹಾಗಲ್ಲ, ಅದು ಬೆಂಕಿ, ಅದಕ್ಕೆ ಹೊತ್ತಿಕೊಳ್ಳಲು ಸಮಯ ಬೇಕು. ಈ ಜಾತಿಯ ಬಲ್ಬ್ ಪೂರ್ತಿ ಬೆಳಗುವುದು ಸುಮಾರು 20 ಮಿಲಿಸೆಕೆಂಡಿಗೆ. ಅವನ ಶಟರ್ 10 ಮಿಲಿಸೆಕೆಂಡಿಗೇ ಮುಚ್ಚಿಕೊಂಡಿತ್ತು. ಬಲ್ಬ್ ಬೆಳಗಿತು, ಕೋಣೆ ಬೆಳಗಿತು, ಅಷ್ಟರಲ್ಲಿ ಕ್ಯಾಮೆರಾ ಕಣ್ಣು ಮುಚ್ಚಿಯಾಗಿತ್ತು.

ಎಂ ಗುರುತು ಇರುವುದು ಇದಕ್ಕೇ. ಮೊದಲು ಬಲ್ಬಿಗೆ ಕರೆಂಟು ಕೊಟ್ಟು, ಅದು ಬೆಳಗುವವರೆಗೆ ಕಾದು, ಆಮೇಲೆ ಶಟರ್ ತೆರೆಯುತ್ತದೆ. ಎಂಗೆ ತಿರುಗಿಸಿ ಒಂದು ಬಲ್ಬ್ ಖರ್ಚು ಮಾಡಿದೆವು. ಇದೂ ಸರಿ ಬರಲಿಲ್ಲ. ಕಾಯಿಸುವ ಸಣ್ಣ ಗೇರು ಎಣ್ಣೆ ಒಣಗಿ ಅಂಟಾಗಿತ್ತು. ಅದನ್ನು ಬಿಚ್ಚಿ ತೊಳೆದು ಕೂರಿಸಬಲ್ಲೆ. ಆದರೆ ಸರಿಯಾಯಿತಾ ಅಂತ ನೋಡಲು ಮತ್ತೆ ಬಲ್ಬ್ ಬೇಕು. ಒಂಬತ್ತು ಉಳಿದಿದ್ದವು.

ಅಣ್ಣ ಹೇಳಿದ್ದು

ಇಲ್ಲಿಗೆ ಹತ್ತು ದಿನ ಕಳೆದಿತ್ತು. ಆಗ ಬಂದವರು ತಾತನ ಹಳೆಯ ಸಹಾಯಕರು. ವಯಸ್ಸು ಎಂಬತ್ತನಾಲ್ಕು. 1954ರ ಆ ಫೋಟೋ ದಿನ ಹದಿನಾಲ್ಕರ ಹುಡುಗ, ಅವತ್ತು ಬಲ್ಬ್ ಹಿಡಿದದ್ದೇ ಅವರು. ಊರಿನವರೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುತ್ತಾರೆ. ಮೊದಲ ದಿನವೇ ಅವರನ್ನು ಕರೆಸಬೇಕಿತ್ತು. ನಾನು ವಸ್ತುಗಳನ್ನು ಎಣಿಸಿದೆ, ವಸ್ತು ಬಳಸಿದವರನ್ನು ಕೇಳಲಿಲ್ಲ. ಈ ಪ್ರಕರಣದಲ್ಲಿ ನನ್ನ ತಪ್ಪು ಅದು. ಹತ್ತು ದಿನ ಹೋಯಿತು, ಒಂದು ಒಳ್ಳೆಯ ಬಲ್ಬೂ ಹೋಯಿತು.

ನಾವು ಗೇರಿನ ವಿಷಯ ಹೇಳಿದಾಗ ಅಣ್ಣ ಕೇಳಿದರು, "ಕ್ಯಾಮೆರಾಗೆ ವೈರ್ ಯಾಕಪ್ಪಾ ಹಾಕ್ತೀರಿ? ನಾವು ಹಾಕ್ತಾನೇ ಇರಲಿಲ್ಲ. ದೀಪ ಎಲ್ಲ ಸಣ್ಣ ಮಾಡಿಸೋದು. ಅಲ್ಲಾಡಬೇಡಿ ಅಂತ ನಿಮ್ಮ ತಾತ ಕೂಗೋರು. ಲೆನ್ಸ್ ತೆಗೆಯೋರು. ನಾನು ಗುಂಡಿ ಒತ್ತೋನು. ಬೆಳಗಿದ ತಕ್ಷಣ ಲೆನ್ಸ್ ಮುಚ್ಚೋರು. ಅಷ್ಟೇಯ."

ಕತ್ತಲಲ್ಲಿ ಲೆನ್ಸ್ ತೆರೆದಿಟ್ಟರೆ ಫಿಲ್ಮಿನ ಮೇಲೆ ಏನೂ ಬೀಳುವುದಿಲ್ಲ. ಬಲ್ಬ್ ಉರಿದಾಗ ಮಾತ್ರ ಫೋಟೋ. 20 ಮಿಲಿಸೆಕೆಂಡೋ 30 ಮಿಲಿಸೆಕೆಂಡೋ, ಲೆಕ್ಕವೇ ಬೇಡ. 1930ರ ಸುಮಾರಿನಲ್ಲಿ ಬಲ್ಬ್ ಬಂದಾಗ ಕ್ಯಾಮೆರಾಗಳಲ್ಲಿ ಇದಕ್ಕೆ ಬೇಕಾದ ವೈರಿನ ಜಾಗವೇ ಇರಲಿಲ್ಲ, ಆಗ ಎಲ್ಲರೂ ಹೀಗೇ ತೆಗೆಯುತ್ತಿದ್ದರು. ನನಗೆ ಇದು ಪುಸ್ತಕದಲ್ಲಿ ಗೊತ್ತಿತ್ತು, ಕೈಗೆ ನೆನಪಾಗಲಿಲ್ಲ.

ಅಣ್ಣ ಹೇಳಿದ್ದಕ್ಕೆ ಸಾಕ್ಷಿ ಗೋಡೆಯ ಮೇಲೇ ಇತ್ತು. ಆ ಹಳೆಯ ಫೋಟೋದಲ್ಲಿ ಎಡಗಡೆ ಒಬ್ಬ ಹೆಂಗಸು ಕೈಯಲ್ಲಿ ದೀಪ ಹಿಡಿದಿದ್ದಾರೆ. ದೀಪದಿಂದ ಒಂದು ಬಿಳಿ ಗೆರೆ ಮೇಲಕ್ಕೆ ಹೋಗಿ ಕೊಕ್ಕೆಯಂತೆ ಬಾಗಿದೆ. ಮನೆಯವರು ಅದನ್ನು ಗೀಚು ಅಂದುಕೊಂಡಿದ್ದರು. ನೆಗೆಟಿವ್ ತೆಗೆದು ಭೂತಗನ್ನಡಿಯಲ್ಲಿ ನೋಡಿದೆ. ಮೇಲ್ಮೈ ನುಣ್ಣಗಿದೆ, ಎಲ್ಲೂ ಗೀಚಿಲ್ಲ. ಆ ಗೆರೆ ಬೆಳಕೇ ಬಿದ್ದು ಮೂಡಿದ್ದು. ಲೆನ್ಸ್ ತೆರೆದು ಬಲ್ಬ್ ಉರಿಯುವವರೆಗಿನ ಒಂದೆರಡು ಸೆಕೆಂಡಿನಲ್ಲಿ ಆಕೆಯ ಕೈ ಅಲ್ಲಾಡಿದೆ, ದೀಪ ತನ್ನ ದಾರಿಯನ್ನು ತಾನೇ ಬರೆದುಕೊಂಡಿದೆ. "ಅವರೇ, ಅವರೇ," ಅಂದರು ಅಣ್ಣ. "ತಾತ ಬೈದಿದ್ದರು."

ಬೇಗಡೆ ಬಲ್ಬಿನ ತಕರಾರು

ಇನ್ನೊಂದು ಮಾತನ್ನೂ ಅಣ್ಣ ಹೇಳಿದರು. ಅವತ್ತು ಉರಿಸಿದ್ದು ದೊಡ್ಡ ಬಲ್ಬ್, ಬೇಗಡೆಯದು. ಇದು ಕೇಳಿದ್ದೇ ಮನೆಯವರು ಹಟ ಹಿಡಿದರು. ಅದೇ ಬೆಳಕು ಬೇಕು ಅಂದರೆ ಅದೇ ಬಲ್ಬ್ ಬೇಕು ಅಲ್ವಾ? ಹುಡುಗನಿಗೂ ಮನಸ್ಸು ಅಲ್ಲೇ ಇತ್ತು.

ನನಗೆ ಒಪ್ಪಿಗೆ ಇರಲಿಲ್ಲ. ಆ 12 ಬಲ್ಬುಗಳಲ್ಲಿ ಚುಕ್ಕಿಯೇ ಇಲ್ಲ. ಚುಕ್ಕಿ ಬರುವ ಮುಂಚಿನ ಕಾಲದವು. ಗಾಳಿ ಸೇರಿದೆಯಾ ಅಂತ ತಿಳಿಯಲು ಯಾವ ದಾರಿಯೂ ಇಲ್ಲ. ಸಿಡಿಯುವುದೊಂದೇ ಭಯವಲ್ಲ. ಬೇಗಡೆಯನ್ನು ಕೈಯಲ್ಲಿ ಮುದುರಿದ ಹಾಗೆ ತುಂಬಿರುತ್ತಾರೆ. ಒಂದು ಕಡೆ ಒತ್ತಾಗಿ, ಒಂದು ಕಡೆ ಸಡಿಲವಾಗಿ ಇರುತ್ತದೆ. ಹಾಗಾಗಿ ಒಂದು ಬಲ್ಬಿನ ಹಾಗೆ ಇನ್ನೊಂದು ಉರಿಯುವುದಿಲ್ಲ. ಐಂಡ್‌ಹೋವನ್‌ನ ಫಿಲಿಪ್ಸ್ ಪ್ರಯೋಗಾಲಯದಲ್ಲಿ 1930ರ ದಶಕದಲ್ಲಿ ಫಾನ್ ಲೀಂಪ್ಟ್ ಮತ್ತು ಡಿ ಫ್ರೀಂಟ್ ಕೆಲಸ ಮಾಡಿದ್ದು ಇದೇ ತೊಂದರೆಯ ಮೇಲೆ. ಬೇಗಡೆಯ ಬದಲು ಅಲ್ಯೂಮಿನಿಯಂಗೆ ಸ್ವಲ್ಪ ಮೆಗ್ನೀಷಿಯಂ ಬೆರೆಸಿದ ಲೋಹದ ಸಣ್ಣ ತಂತಿ ತುಂಬಿದರು. ತಂತಿಗೆ ಸ್ಪ್ರಿಂಗಿನ ಗುಣ ಇದೆ. ಬಲ್ಬಿನ ತುಂಬ ಸಮವಾಗಿ ಹರಡಿಕೊಳ್ಳುತ್ತದೆ, ಗಾಡಿಯಲ್ಲಿ ಕುಲುಕಿದರೂ ಒಂದು ಕಡೆ ಕುಸಿಯುವುದಿಲ್ಲ. ಎಲ್ಲ ಬಲ್ಬೂ ಒಂದೇ ಥರ ಉರಿಯುತ್ತವೆ. ಪರೀಕ್ಷೆ ಮಾಡಲಾಗದ ವಸ್ತುವಿಗೆ ಇದಕ್ಕಿಂತ ದೊಡ್ಡ ಗುಣ ಬೇಕಾ? ಉರಿದ ಒಂದು ಬಲ್ಬಿನಿಂದ ಉರಿಯದ ಉಳಿದ ಬಲ್ಬುಗಳ ಗುಣ ತಿಳಿಯುತ್ತದೆ.

ವಾದ ಮಾಡಿ ಗೆಲ್ಲುವುದು ಬೇಡ, ಉರಿಸಿ ತೋರಿಸೋಣ ಅಂದುಕೊಂಡೆ. ಮೀಟರಿನಲ್ಲಿ ನೋಡಿದಾಗ 12ರಲ್ಲಿ 3 ತುಂಡಾಗಿದ್ದವು. ಉಳಿದ 9ರಲ್ಲಿ ಎರಡನ್ನು ಆರಿಸಿಕೊಂಡು ಹಿತ್ತಲಿಗೆ ಹೋದೆವು. ಸುತ್ತ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಉದ್ದದ ವೈರ್ ಎಳೆದು, ಎಲ್ಲರೂ ಗೋಡೆಯ ಹಿಂದೆ ನಿಂತೆವು. ಮೊದಲನೆಯದು ಉರಿಯಿತು. ಏನು ಬೆಳಕು ಅದು! ತೆಂಗಿನ ಮರದ ಗರಿಗರಿಯೂ ಬೆಳ್ಳಗೆ ಕಂಡಿತು. ಮನೆಯವರು ನನ್ನ ಕಡೆ ನೋಡಿದರು. ಎರಡನೆಯದು ಸಿಡಿಯಿತು. ಜಾಲರಿಯೊಳಗೆ ಕ್ಯಾಪ್ ಬಿಟ್ಟರೆ ಏನೂ ಉಳಿದಿರಲಿಲ್ಲ.

ಎರಡಕ್ಕೆ ಒಂದು. ಮುಂದಿನ ಏಳರಲ್ಲಿ ಎಷ್ಟು ಅಂತ ಯಾರೂ ಹೇಳಲಾರರು. ತೊಟ್ಟಿಯಲ್ಲಿ ಮಕ್ಕಳಿರುತ್ತಾರೆ, ವಯಸ್ಸಾದವರಿರುತ್ತಾರೆ. ಮನೆಯ ದೊಡ್ಡ ಸೊಸೆಯೇ ಮೊದಲು ಬಾಯಿ ಬಿಟ್ಟದ್ದು. "ಬೇಡ ಬಿಡಿ, ಚುಕ್ಕಿ ಇರೋದ್ರಲ್ಲೇ ತೆಗೀರಿ." ಮಾತು ಅಲ್ಲಿಗೆ ಮುಗಿಯಿತು.

ಏನಾಯಿತು

ಇನ್ನು ಎಕ್ಸ್‌ಪೋಷರ್ ಲೆಕ್ಕ. ತಂತಿ ಬಲ್ಬುಗಳ ಇನ್ನೊಂದು ಪೆಟ್ಟಿಗೆಯ ಮೇಲೆ ಸಣ್ಣ ಪಟ್ಟಿ ಉಳಿದಿತ್ತು: 18 ಡಿನ್ ಫಿಲ್ಮಿಗೆ 45. ಡಿನ್ ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಜರ್ಮನ್ ಅಳತೆ, ಎಎಸ್‌ಎ ಅದರದೇ ಅಮೆರಿಕದ ಅಳತೆ. 18 ಡಿನ್ ಅಂದರೆ 50 ಎಎಸ್‌ಎ. 45 ಅನ್ನುವುದು ಗೈಡ್ ನಂಬರ್. ಅದನ್ನು ಮೀಟರಿನಲ್ಲಿ ಅಳೆದ ದೂರದಿಂದ ಭಾಗಿಸಿದರೆ ಲೆನ್ಸಿನ ಎಫ್ ನಂಬರ್, ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆದಿರಬೇಕು ಅನ್ನುವ ಅಂಕಿ ಸಿಗುತ್ತದೆ. ನಮ್ಮ ಫಿಲ್ಮ್ 400 ಎಎಸ್‌ಎ, ಎಂಟು ಪಟ್ಟು ಚುರುಕು. ಆಗ ಗೈಡ್ ನಂಬರ್ 2.8 ಪಟ್ಟು ಏರಿ ಸುಮಾರು 127 ಆಗುತ್ತದೆ. ಬಲ್ಬಿನಿಂದ ಜನರಿಗೆ 8 ಮೀಟರ್. ಎಫ್/16.

ಎರಡು ಬಲ್ಬ್ ಖರ್ಚು ಮಾಡಿ ತೊಟ್ಟಿಯಲ್ಲೇ ರಾತ್ರಿ ನೋಡಿದೆವು. ಎಂಟು ಮೀಟರಿಗೆ ಕುರ್ಚಿಗಳನ್ನಿಟ್ಟು ತೆಗೆದ ಎರಡು ನೆಗೆಟಿವ್‌ಗಳೂ ಪಕ್ಕ ಪಕ್ಕ ಇಟ್ಟರೆ ಗುರುತು ಹಿಡಿಯಲಾಗದಷ್ಟು ಒಂದೇ ಥರ ಬಂದವು. ಎಪ್ಪತ್ತು ವರ್ಷದ ಮೇಲೂ ಪೆಟ್ಟಿಗೆಯ ಲೆಕ್ಕ ಸರಿಯಿತ್ತು. ಗಾಳಿ ಸೇರದಿದ್ದರೆ ಒಳಗಿನ ಲೋಹಕ್ಕೂ ಆಮ್ಲಜನಕಕ್ಕೂ ವಯಸ್ಸಾಗುವುದಿಲ್ಲ. ಬಲ್ಬ್ ಹಳೆಯದಾದದ್ದಕ್ಕೇ ಕೆಟ್ಟಿತು ಅನ್ನುವ ಮೊದಲ ದಿನದ ಮಾತು ಅಲ್ಲಿಗೆ ಪೂರ್ತಿ ಬಿದ್ದುಹೋಯಿತು. ಏಳು ಬಲ್ಬ್ ಉಳಿದವು.

ಚುಕ್ಕಿ ನೀಲಿ ಇದ್ದರೂ ರಿಫ್ಲೆಕ್ಟರಿನ ಮುಂದೆ ಪಾರದರ್ಶಕ ಹಾಳೆ ಕಟ್ಟಿದೆವು. ಚುಕ್ಕಿ ಗಾಳಿಯ ಬಗ್ಗೆ ಹೇಳುತ್ತದೆ, ಎಪ್ಪತ್ತು ವರ್ಷದ ಲೇಪ ಇನ್ನೂ ಗಾಜನ್ನು ಹಿಡಿದುಕೊಂಡಿದೆಯಾ ಅಂತ ಹೇಳುವುದಿಲ್ಲ. ಇನ್ನೊಂದು ನಿಯಮವನ್ನೂ ಮೊದಲೇ ಮಾಡಿಕೊಂಡೆವು. ಉರಿಯದಿದ್ದರೆ ಯಾರೂ ಹತ್ತಿರ ಹೋಗಬಾರದು. ಸೆಲ್ ಬಿಚ್ಚಿ, ಒಂದು ನಿಮಿಷ ಕಾದು, ದಪ್ಪ ಬಟ್ಟೆ ಸುತ್ತಿದ ಕೈಯಲ್ಲಿ ತೆಗೆಯಬೇಕು.

ಆ ದಿನ 41 ಜನ ಸೇರಿದ್ದರು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ. ಕರೆಂಟ್ ದೀಪ ಎಲ್ಲ ಆರಿಸಿದರು. ಗನ್ನಿನ ಗುಂಡಿ ಅಣ್ಣನ ಕೈಗೇ ಕೊಟ್ಟೆವು. ಹುಡುಗ "ಅಲ್ಲಾಡಬೇಡಿ" ಅಂತ ಕೂಗಿ ಶಟರ್ ತೆರೆದ. ಬಲ್ಬ್ ಬೆಳಗಿತು. ಮುಚ್ಚಿದ. ಒಂದು ಸಣ್ಣ ಟಪ್ ಸದ್ದು, ಆಮೇಲೆ ಕತ್ತಲು, ಆಮೇಲೆ ಮಕ್ಕಳ ಕೂಗು. ಎರಡನೆಯ ಬಲ್ಬ್ ಉರಿಯಲಿಲ್ಲ. ನಿಯಮದ ಹಾಗೆ ಎಲ್ಲರೂ ನಿಂತಲ್ಲೇ ನಿಂತರು. ಆ ಒಂದು ನಿಮಿಷ ಬಹಳ ಉದ್ದವಿತ್ತು. ಮೂರನೆಯದು ಉರಿಯಿತು.

ಮೊದಲನೆಯದರಲ್ಲಿ ಇಬ್ಬರು ಕಣ್ಣು ಮುಚ್ಚಿದ್ದರು. ಮೂರನೆಯದು ಚೆನ್ನಾಗಿ ಬಂತು, ಅದನ್ನೇ ಪ್ರಿಂಟ್ ಮಾಡಿದರು. ಹಿಂದಿನ ಸಾಲಿನ ಕಿವಿಯೋಲೆಗಳು ಕಾಣುತ್ತವೆ. ಹಳೆಯ ಫೋಟೋದ ಬೆಳಕಿನಷ್ಟು ಅಗಲವಾಗಿ ಹರಡಿಲ್ಲ, ಬಲಗಡೆಯ ಕಂಬದ ಹಿಂದೆ ಸ್ವಲ್ಪ ಕತ್ತಲಿದೆ. ದೊಡ್ಡ ಬಲ್ಬ್ ಬಿಟ್ಟದ್ದಕ್ಕೆ ಕೊಟ್ಟ ಬೆಲೆ ಅದು. ನನಗೆ ಅದರ ಬಗ್ಗೆ ಬೇಸರವಿಲ್ಲ, ಹುಡುಗನಿಗೆ ಸ್ವಲ್ಪ ಇದೆ.

ಈಗ ಯಾರಾದರೂ ಹಳೆಯ ಬಲ್ಬ್ ಸಿಕ್ಕಿತು ಅಂತ ಫೋನ್ ಮಾಡಿದರೆ ಮೊದಲು ಚುಕ್ಕಿಯ ಬಣ್ಣ ಕೇಳುತ್ತೇನೆ. ಆಮೇಲೆ ಅದನ್ನು ಬಳಸಿದವರು ಮನೆಯಲ್ಲಿ ಯಾರಾದರೂ ಇದ್ದಾರಾ ಅಂತ ಕೇಳುತ್ತೇನೆ. ಚುಕ್ಕಿ ಇಲ್ಲದ್ದಾದರೆ ಕಪಾಟಿನಲ್ಲಿ ಇಟ್ಟು ನೋಡಿ ಸಂತೋಷಪಡಿ ಅನ್ನುತ್ತೇನೆ.

ಗುಲಾಬಿ ಚುಕ್ಕಿಯವು, ತಂತಿ ತುಂಡಾದವು, ಅವತ್ತು ಉರಿಯದೆ ಉಳಿದದ್ದು ಒಂದು ಡಬ್ಬಿಯಲ್ಲಿವೆ. ನೀಲಿ ಚುಕ್ಕಿಯ ನಾಲ್ಕು ಬಲ್ಬ್ ಇನ್ನೊಂದರಲ್ಲಿ, ಒಂದೊಂದಕ್ಕೂ ಹತ್ತಿಯ ಗೂಡು ಮಾಡಿ ಬೇರೆ ಬೇರೆ ಇಟ್ಟಿದ್ದೇವೆ. ಬೇಗಡೆಯ ಏಳನ್ನು ಹುಡುಗ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದಾನೆ. ಗೆದ್ದಲು ತಿಂದ ಸೂಚನೆಯನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಮೂರು ಕಡೆಯೂ ಅಂಟಿಸಿದ್ದಾನೆ. ಪಕ್ಕದಲ್ಲಿ ಎರಡು ಬೊಟ್ಟು ಇಟ್ಟಿದ್ದಾನೆ, ಒಂದು ನೀಲಿ, ಒಂದು ಗುಲಾಬಿ.